ಬೋರ ಅಡ್ಜಸ್ಟ್ ಮಾಡಿಕೊಂಡದ್ದು

ಕೇಳುವವರು ಹತ್ತಿರ ಬನ್ನಿ, ನಗುವವರು ಆಮೇಲೆ ನಗಿ.

ಒಂದು ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಬೋರ. ಬೋರ ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮಂಡಿಯ ಹತ್ತಿರವೇ ನಿಂತುಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಅದಕ್ಕಿಂತ ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಮ್ಮಿ ಇಲ್ಲ.

ಚಿಕ್ಕತಾಯಮ್ಮನ ಅಣ್ಣ ಹಲಗೇಗೌಡ. ಅವನ ಮಗಳು ಮಾದೇವಿಯನ್ನು ಸೊಸೆಯಾಗಿ ತರಬೇಕು ಅನ್ನುವುದೊಂದೇ ಅವಳ ಆಸೆ. ಅಣ್ಣ ಹೇಳಿ ಕಳಿಸಿದ್ದ: "ಗುರುವಾರ ಮನೆಯೋರ ಜೊತೆ ಬರ್ತೀನಿ. ನಿನ್ನ ಮಗ ಒಂದು ಕೆಲಸ ನೆಟ್ಟಗೆ ಮಾಡಿ ತೋರಿಸ್ಲಿ, ಹೆಣ್ಣು ಕೊಡ್ತೀನಿ."

ಸೋಮವಾರ ಬೋರ ಹುಣಸೆಹಣ್ಣಿನ ಚೀಲ ಹೊತ್ತು ಸಂತೆಗೆ ಬಸ್ಸು ಹತ್ತಿದ. ಮೂರು ಜನದ ಸೀಟಿನಲ್ಲಿ ಒಬ್ಬನೇ ಕಾಲಗಲಿಸಿ ಕೂತ.

ಕಂಡಕ್ಟರ್ ಬಂದ. "ಏನಪ್ಪಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ!"

"ಅದು ನನ್ ಹತ್ರ ಇಲ್ಲ ಅಣ್ಣಾ."

"ಏನಿಲ್ಲ?"

"ಅದೇ, ನೀವು ಕೇಳಿದ್ದು. ಚೀಲದಲ್ಲಿ ಹುಣಸೆಹಣ್ಣು ಬಿಟ್ರೆ ಏನೂ ಇಲ್ಲ. ಬೇಕಾದ್ರೆ ನೋಡಿ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ನಗಲಿಲ್ಲ. ಸೀಟಿ ಊದಿ ಬೋರನನ್ನೂ ಚೀಲವನ್ನೂ ಇಳಿಸಿದ.

ಬೋರ ಮನೆಗೆ ಬಂದು ನಡೆದದ್ದು ಹೇಳಿದ್ದೇ ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಕರ್ಮವೇ! ಮೂರು ಜನ ಕೂರೋ ಕಡೆ ನಾಲ್ಕು ಜನ ಕೂರ್ಬೇಕು ಕಣೋ! ಒತ್ಕೊಂಡು ಕೂರ್ಬೇಕು! ಅದೇ ಅಡ್ಜಸ್ಟು!"

"ಹಂಗಾ ಅವ್ವಾ? ಸರಿ ಅವ್ವಾ."

ಮಂಗಳವಾರ ಅವ್ವ ಕುಕ್ಕೆ ಕೊಟ್ಟು ಪಕ್ಕದೂರಿನ ದೊಡ್ಡಮ್ಮನ ಮನೆಗೆ ಕಳಿಸಿದಳು. ಕೋಳಿ ಕಾವಿಗೆ ಕೂರಿಸಲು ಮೊಟ್ಟೆ ಬೇಕಿತ್ತು. ದೊಡ್ಡಮ್ಮ ಹುಲ್ಲು ಹಾಸಿ ಹದಿನೈದು ಮೊಟ್ಟೆ ಜೋಡಿಸಿದಳು. ಇನ್ನೂ ಐದು ಉಳಿದವು.

"ಇವು ಹಿಡಿಯಲ್ಲ ಮಗಾ. ನಾಳೆ ಬಂದು ತಗೊಂಡ್ ಹೋಗು."

"ಹಿಡೀತವೆ ದೊಡ್ಡಮ್ಮಾ! ಮೂರಿದ್ದ ಕಡೆ ನಾಲ್ಕು ಕೂರ್ಬೇಕು! ಒತ್ಕೊಂಡು ಕೂರ್ಬೇಕು!"

ಅಂದವನೇ ಐದನ್ನೂ ತುರುಕಿ, ಮೇಲೆ ಮಂಡಿಯೂರಿ ಒತ್ತಿದ. ಮನೆಗೆ ಬರುವಷ್ಟರಲ್ಲಿ ಕುಕ್ಕೆಯಿಂದ ಲೋಳೆ ಇಳಿದು ಚಡ್ಡಿಯೆಲ್ಲ ಹಳದಿ.

"ಲೋ ಮಂಕೇ! ಮೊಟ್ಟೆಗೆ ಯಾರೋ ಹಂಗ್ ಮಾಡ್ತಾರೆ? ನನ್ನ ಕೈಲಾಗಲ್ಲಪ್ಪ ನಿಂಗೆ ಹೇಳಿಕೊಡೋಕೆ. ಹೋಗು, ಮೇಷ್ಟ್ರ ಹತ್ರ ಸರಿಯಾಗಿ ಕೇಳ್ಕೊಂಡ್ ಬಾ!"

ಮೇಷ್ಟ್ರು ಪಿಂಚಣಿ ಪಡೆದು ಜಗುಲಿ ಮೇಲೆ ಕೂತಿದ್ದವರು. ಎಷ್ಟೋ ದಿನದಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ದಿಂಬಿನಂಥ ನಿಘಂಟು ತೆಗೆದರು, ಧೂಳು ಊದಿದರು.

"ಕೇಳಯ್ಯಾ ಬೋರಾ. ಈ ಅಡ್ಜಸ್ಟ್ ಅನ್ನೋ ಮಾತು ನಮಗೆ ಇಂಗ್ಲಿಷಿನವರಿಂದ ಬಂತು. ಅವರಿಗೆ ಫ್ರೆಂಚರಿಂದ ಬಂತು. ಅವರಿಗೆ ಲ್ಯಾಟಿನ್ನಿನಿಂದ. ಬೇರಿಗೆ ಹೋಗಿ ನೋಡಿದ್ರೆ ಇದರ ಅರ್ಥ ಒಂದೇ, ಹತ್ತಿರ ತರೋದು!"

"ಅಷ್ಟೇನಾ ಮೇಷ್ಟ್ರೇ?"

"ಅಷ್ಟೇ. ದೂರ ಇದ್ದದ್ದನ್ನ ಹತ್ತಿರ ತರೋದು."

ಬೋರ ಮನೆಗೆ ಬಂದು ಸುತ್ತ ನೋಡಿದ. ಮೇಕೆ ಈ ಕಡೆ ಗೂಟದಲ್ಲಿ, ಅವರೆಗಿಡ ಆ ಕಡೆ ಬೇಲಿಯಲ್ಲಿ. ಎಷ್ಟು ದೂರ! ಮೇಕೆಯನ್ನು ಬಿಚ್ಚಿ ಅವರೆಯ ಬುಡಕ್ಕೇ ಕಟ್ಟಿದ. ಅವ್ವ ನೀರು ತರಲು ಹೋಗಿದ್ದಳು. ಬಂದು ನೋಡಿದರೆ ಹೂವಿಲ್ಲ, ಕಾಯಿಲ್ಲ, ಎಲೆಯೂ ಇಲ್ಲ. ಮೇಕೆ ಮಾತ್ರ ತೇಗುತ್ತಿತ್ತು.

"ಏನೋ ಇದು!"

"ಅಡ್ಜಸ್ಟ್ ಅವ್ವಾ. ದೂರ ಇದ್ವು, ಹತ್ರ ತಂದೆ."

"ಮೇಷ್ಟ್ರಿಗೆ ಪುಸ್ತಕ ಗೊತ್ತು, ಮೇಕೆ ಗೊತ್ತಿಲ್ಲ! ಜಾಸ್ತಿ ತಿನ್ನೋದನ್ನ ದೂರದಲ್ಲೇ ಬಿಟ್ಟು ಬರ್ಬೇಕು ಕಣೋ! ಅದೇ ಅಡ್ಜಸ್ಟು! ನಾಳಿದ್ದು ನಿಮ್ ಮಾವ ಬರ್ತಾವನೆ, ಮಾನ ಕಳೀಬೇಡ!"

"ಸರಿ ಅವ್ವಾ. ಜಾಸ್ತಿ ತಿನ್ನೋದು ದೂರ."

ಗುರುವಾರ ಬಂತು. ಬೋರ ಎತ್ತಿನಗಾಡಿ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋದ. ಅತ್ತೆ ಇಳಿದಳು, ಮಾದೇವಿ ಇಳಿದಳು, ಕೊನೆಗೆ ಬಾಗಿಲು ತುಂಬಿಕೊಂಡು ಹಲಗೇಗೌಡ ಇಳಿದ. ಹೆಂಗಸರು ಗಾಡಿ ಹತ್ತಿದರು. ಗೌಡ ಎಲೆಅಡಿಕೆ ತರಲು ಅಂಗಡಿಗೆ ಹೋದ. ಬೋರ ಗಾಡಿ ಹೊಡೆದೇಬಿಟ್ಟ!

"ಏ, ತಡಿಯೋ! ನಿಮ್ಮಾವ ಬರ್ಲಿ!"

"ಬೇಡ ಅತ್ತೇ. ಮಾವ ಜಾಸ್ತಿ ತಿಂತಾರೆ. ದೂರದಲ್ಲೇ ಇರ್ಲಿ."

ಅತ್ತೆ ಬಾಯಿ ತೆರೆದಳು. ಆಮೇಲೆ ಮಾತು ನಿಜವೇ ಅಂತ ನೆನೆದು ಕಾಲು ನೀಡಿ ಕೂತಳು. ಮಾದೇವಿ ಸೆರಗು ಬಾಯಿಗೆ ತುರುಕಿಕೊಂಡು ಊರು ಬರುವವರೆಗೂ ನಕ್ಕಳು.

ಮಟಮಟ ಮಧ್ಯಾಹ್ನ ಗೌಡ ಮೂರು ಮೈಲಿ ನಡೆದು ಬಂದ. ಮುಖ ಕೆಂಪು, ಪಂಚೆ ಕೆಂಪು, ಮಾತು ಇನ್ನೂ ಕೆಂಪು. "ತಾಯೀ, ನಿನ್ ಮಗನಿಗೆ ಹೆಣ್ಣೂ ಇಲ್ಲ, ಗಿಣ್ಣೂ ಇಲ್ಲ!"

ಚಿಕ್ಕತಾಯಮ್ಮ ಅಳುವುದಕ್ಕೆ ಶುರುಮಾಡಿದಳು. ಆಗ ಮಾದೇವಿ ಅಂದಳು: "ಅಪ್ಪಯ್ಯಾ, ಹೇಳಿದ ಹಂಗೆ ಕೇಳೋ ಗಂಡ ಯಾರಿಗ್ ಸಿಕ್ಕವ್ನೆ? ಅವ್ವನ್ನ ಕೇಳು, ಅವಳಿಗ್ ಸಿಕ್ಕವ್ನಾ? ನಂಗೆ ಇವ್ನೇ ಇರ್ಲಿ."

ಗೌಡ ಹೆಂಡತಿಯ ಕಡೆ ನೋಡಿದ. ಹೆಂಡತಿ ಸೂರಿನ ಕಡೆ ನೋಡಿದಳು. ಮದುವೆ ಗೊತ್ತಾಯಿತು.

ಮದುವೆಯ ಬೆಳಿಗ್ಗೆ ಬಾಸಿಂಗ ಕಟ್ಟುತ್ತಾ ಅವ್ವ ಕಿವಿಯಲ್ಲಿ ಹೇಳಿದಳು: "ದೊಡ್ಡೋರನ್ನ ದಾರೀಲಿ ಬಿಟ್ಟು ಬರೋದಲ್ಲ ಮಗಾ. ದೊಡ್ಡೋರು ನಿಂತಿದ್ರೆ ನೀನು ಎದ್ದು ಜಾಗ ಕೊಡ್ಬೇಕು. ಅದೇ ಅಡ್ಜಸ್ಟು. ಮರೀಬೇಡ!"

"ಮರಿಯಲ್ಲ ಅವ್ವಾ."

ಮರೆಯಲಿಲ್ಲ. ಹಸೆಮಣೆ ಮೇಲೆ ಕೂತಿದ್ದಾನೆ, ಮುಂದೆ ತೆರೆ ಹಿಡಿದಿದ್ದಾರೆ, ವಾಲಗ ಏರುತ್ತಿದೆ. ಎಂಬತ್ತೈದರ ಕರಿಯಜ್ಜ ಅಕ್ಷತೆ ಹಾಕಲು ಕೋಲೂರಿಕೊಂಡು ಬಂದು, ಏದುಸಿರು ಬಿಡುತ್ತಾ ನಿಂತ. ಬೋರ ಚಂಗನೆ ಎದ್ದ.

"ತಾತಾ, ಕೂತ್ಕೊಳ್ಳಿ! ನಾನು ಅಡ್ಜಸ್ಟ್ ಮಾಡ್ಕೋತೀನಿ!"

ಅಜ್ಜನಿಗೆ ಕಿವಿ ಮಂದ, ಕಾಲು ಸೋತಿತ್ತು. ಕೂತುಬಿಟ್ಟ. ತೆರೆ ಸರಿಯಿತು. ತಲೆ ತಗ್ಗಿಸಿದ್ದ ಮಾದೇವಿ ಹಾರ ಹಾಕಿದಳು. ಹಾರ ಹೋಗಿ ಅಜ್ಜನ ಕೊರಳಿಗೆ ಬಿತ್ತು!

ಹೆಂಗಸರ ಸಾಲಿನಿಂದ ಅಜ್ಜಿ ಕೂಗಿದಳು: "ಏ ಹುಡುಗೀ, ತೆಗಿಯೇ ಅದನ್ನ! ಅರವತ್ತು ವರ್ಷದಿಂದ ಅಡ್ಜಸ್ಟ್ ಮಾಡ್ಕೊಂಡಿರೋಳು ನಾನು!"

ಗೌಡ ತಲೆ ಮೇಲೆ ಕೈ ಹೊತ್ತ. ಚಿಕ್ಕತಾಯಮ್ಮ ಕಂಬಕ್ಕೆ ಒರಗಿದಳು. ಬೋರ ಮಾತ್ರ ಪಕ್ಕದಲ್ಲಿ ಕೈಕಟ್ಟಿ ನಿಂತು ಸಮಾಧಾನ ಹೇಳುತ್ತಿದ್ದ. "ಇರ್ಲಿ ಬಿಡಿ, ನಾನು ಮುಂದಿನ ಮದುವೇಲಿ ಕೂತ್ಕೋತೀನಿ."

ಮಾದೇವಿ ಅಜ್ಜನ ಕೊರಳಿನಿಂದ ಹಾರ ತೆಗೆದಳು, ಬೋರನ ರಟ್ಟೆ ಹಿಡಿದು ಎಳೆದು ಕೂರಿಸಿದಳು, ಹಾರ ಹಾಕಿದಳು. "ಕೂತ್ಕೋ ಇಲ್ಲಿ! ಯಾರ್ ಬಂದ್ರೂ ಏಳ್ಬೇಡ!"

"ಸರಿ ಕಣಮ್ಮಿ," ಅಂದ ಬೋರ.

ತಾಳಿ ಕಟ್ಟಿದ್ದಾಯಿತು. ಊಟಕ್ಕೆ ಕರೆದರು, ಏಳಲಿಲ್ಲ. ವಾಲಗದವರು ಹೋದರು, ಏಳಲಿಲ್ಲ. ಚಪ್ಪರ ಬಿಚ್ಚಿದರು, ತಲೆ ಮೇಲೆ ಬಿಸಿಲು ಬಿತ್ತು, ಏಳಲಿಲ್ಲ. ಕೊನೆಗೆ ನಾಲ್ಕು ಜನ ಸೇರಿ ಹಸೆಮಣೆ ಸಮೇತ ಎತ್ತಿ ಗಾಡಿಯಲ್ಲಿ ಇಟ್ಟರು. ಗಾಡಿಯಲ್ಲಿ ಜಾಗ ಉಳಿಯದೆ ಮದುಮಗಳು ಪಕ್ಕದಲ್ಲಿ ನಡೆದುಕೊಂಡು ಹೋದಳು.