ಎರವಲು ಕಂದೀಲು

ಶಿಷ್ಯ ವೃಷಭೇಂದ್ರ ಕೇಳಿದ: “ಗುರುಗಳೇ, ಯಾರು ಬೇಕಾದರೂ ಬಳಸಲೆಂದು ನಾನೊಂದು ಸಂಖ್ಯಾಶಾಸ್ತ್ರದ ತಂತ್ರಾಂಶ ಬರೆದು ಹಂಚಿದ್ದೇನೆ. ಔಷಧದ ಪ್ರಮಾಣ ಲೆಕ್ಕ ಹಾಕಲು ಆಸ್ಪತ್ರೆಯವರೂ ಬಳಸುತ್ತಾರೆ. ಉತ್ತರ ಸರಿಯೇ ಎಂದು ಪರೀಕ್ಷಿಸಲು ಬೇರೊಬ್ಬರು ಬರೆದ ಪ್ಯಾಕೇಜ್ ಎಂಬ ಸಹಾಯಕ ತಂತ್ರಾಂಶ ಬೇಕು, ಆದರೆ ಅದನ್ನು ಹಾಕಿಕೊಳ್ಳಲೇಬೇಕೆಂದು ನಾನು ಕಡ್ಡಾಯ ಮಾಡಿಲ್ಲ. ಬಳಸುವವರ ಕಂಪ್ಯೂಟರಿನಲ್ಲಿ ಅದಿಲ್ಲದಿದ್ದರೆ ನನ್ನ ತಂತ್ರಾಂಶ ಪರೀಕ್ಷೆಯನ್ನು ಸದ್ದಿಲ್ಲದೆ ಬಿಟ್ಟು, ‘ದೋಷ ಕಂಡಿಲ್ಲ’ ಎಂದು ತೋರಿಸುತ್ತದೆ. ಸುಮ್ಮನೆ ಅವರನ್ನೇಕೆ ಗಾಬರಿಪಡಿಸಬೇಕು? ಇದರಲ್ಲಿ ತಪ್ಪಿದೆಯೇ?”

ಗುರು ಹುಬ್ಬು ಗಂಟಿಕ್ಕಿದರು. “ಗಾಬರಿಪಡಿಸಬಾರದಂತೆ! ಭಾರಿ ಕರುಣಾಳು ಕಣಯ್ಯಾ ನೀನು. ಕೂತು ಕೇಳು.”

ಬಾವಿಗಳ ಹೂಳು ತೆಗೆಸುವ ಒಬ್ಬ ಮೇಸ್ತ್ರಿಯಿದ್ದ. ಹಳೆಯ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುವುದುಂಟು. ಅದಕ್ಕೇ ಆಳು ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು ವಾಡಿಕೆ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಮೇಸ್ತ್ರಿಗೆ ಸ್ವಂತ ಕಂದೀಲಿರಲಿಲ್ಲ. ಗಾಣಿಗನ ಮನೆಯಿಂದ ಎರವಲು ತರುತ್ತಿದ್ದ. ಒಂದು ದಿನ ಗಾಣಿಗ ಮನೆಗೆ ಬೀಗ ಹಾಕಿಕೊಂಡು ನೆಂಟರೂರಿಗೆ ಹೋಗಿದ್ದ. ‘ಇಷ್ಟು ಬಾವಿ ನೋಡಿದ್ದೇವೆ, ಯಾವುದರಲ್ಲಿ ದೀಪ ಆರಿದೆ?’ ಎಂದುಕೊಂಡು ಮೇಸ್ತ್ರಿ ಬರಿಗೈಯಲ್ಲಿ ಬಾವಿಯ ಬಳಿಗೆ ಬಂದ.

ಇಳಿಯುವ ಆಳು ಬುತ್ತಿ ಉಂಡು ಬಂದು ಕೇಳಿದ, “ದೀಪ ಆರಿತೇನಣ್ಣಾ?”

ಮೇಸ್ತ್ರಿ ಕೆಟ್ಟವನಲ್ಲ. ಪಾಪ, ಇವನ ಧೈರ್ಯ ಕುಗ್ಗುವುದು ಬೇಡ ಎಂದುಕೊಂಡ. “ಆರಲಿಲ್ಲ, ಇಳಿಯಪ್ಪಾ” ಎಂದ.

ಆಳು ಇಳಿದ. ಸ್ವಲ್ಪ ಹೊತ್ತಿನ ಮೇಲೆ ಕೂಗಿದರೆ ಓಗೊಡಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಮೇಲಕ್ಕೆಳೆದಾಗ ಉಸಿರಿರಲಿಲ್ಲ. ಅವನ ಹೆಂಡತಿ ಓಡಿ ಬಂದು, “ದೀಪ ಆರಲಿಲ್ಲ ಎಂದೆಯಲ್ಲೋ ಪಾಪಿ!” ಎಂದು ಎದೆ ಬಡಿದುಕೊಂಡು ಅತ್ತಳು. ಮೇಸ್ತ್ರಿ ತಲೆ ತಗ್ಗಿಸಿ ನಿಂತ. ಅವನು ಆಡಿದ್ದು ಸುಳ್ಳೇನೂ ಅಲ್ಲ. ಇಳಿಸದ ದೀಪ ಆರುವುದಾದರೂ ಹೇಗೆ?

ವೃಷಭೇಂದ್ರನ ಮುಖ ಸಪ್ಪಗಾಯಿತು. “ಹಾಗಾದರೆ ಕಂದೀಲು ಸಿಗದ ದಿನ ಕೆಲಸವನ್ನೇ ನಿಲ್ಲಿಸಬೇಕಿತ್ತೇ ಗುರುಗಳೇ?”

“ಏಕೆ? ಕಟ್ಟೆಯ ಕಲ್ಲು ಕೂರಿಸಬಹುದಿತ್ತು. ರಾಟೆ ರಿಪೇರಿ ಮಾಡಬಹುದಿತ್ತು. ಅದಕ್ಕೆಲ್ಲ ದೀಪ ಯಾರಿಗೆ ಬೇಕು?” ಗುರು ಮುಂದುವರಿಸಿದರು:

“‘ದೀಪ ಇಳಿಸಿಲ್ಲ’ ಎಂದು ಒಂದು ಮಾತು ಹೇಳಿದ್ದರೆ, ಇಳಿಯಬೇಕೋ ಬೇಡವೋ ಎಂದು ತನ್ನ ಜೀವದ ಲೆಕ್ಕವನ್ನು ಆ ಆಳು ತಾನೇ ಹಾಕಿಕೊಳ್ಳುತ್ತಿದ್ದ.”

ವೃಷಭೇಂದ್ರ ಎದ್ದು ಹೋಗಿ, ಪ್ಯಾಕೇಜ್ ಇಲ್ಲದಾಗ ‘ದೋಷ ಕಂಡಿಲ್ಲ’ ಎನ್ನುವ ಬದಲು ‘ಪರೀಕ್ಷೆ ನಡೆದಿಲ್ಲ’ ಎಂದು ತೋರಿಸುವಂತೆ ತಂತ್ರಾಂಶ ತಿದ್ದಿದ.