ಸಾತವ್ವನ ಹೊಟ್ಟೆಯಲ್ಲಿ ಉಳಿದ ಕತ್ತರಿ

ಒಂದಾನೊಂದು ಊರಿನಲ್ಲಿ... ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳಿದರೆ ಆ ಊರಿನವರಿಗೆ ಕೇಳಿಸಿ ಸಿಟ್ಟು ಬಂದೀತು. ಆ ಊರಿನಲ್ಲಿ ಸಾತವ್ವ ಅಂತ ಒಬ್ಬಳಿದ್ದಳು. ಪೇಟೆಯ ಮೂಲೆಯಲ್ಲಿ ಕೂತು ಚುರುಮುರಿ ಮಾರುತ್ತಿದ್ದಳು. "ಚುರುಮುರೀ, ಗರಿಗರಿ ಚುರುಮುರೀ" ಎಂದು ಅವಳು ಕೂಗಿದರೆ, ಆಗಷ್ಟೇ ಉಂಡು ಕೈ ತೊಳೆದವರು ಮತ್ತೆ ಕೈ ತೊಳೆದುಕೊಂಡು ಓಡಿ ಬರುತ್ತಿದ್ದರು. ಅಂಥ ದನಿ.

ಸಾತವ್ವನ ಹೊಟ್ಟೆಯಲ್ಲಿ ಒಂದು ಗಂಟು ಬೆಳೆಯಿತು. ಗಂಡ ಫಕೀರಪ್ಪ ಅವಳನ್ನು ವೈದ್ಯ ಅಮೋಘಪ್ಪನ ದವಾಖಾನೆಗೆ ಕರೆದುಕೊಂಡು ಹೋದ. ಅಮೋಘಪ್ಪ ಅಂದರೆ ಸಾಮಾನ್ಯನಲ್ಲ. ದೊರೆಯ ನೆಗಡಿಯನ್ನೇ ವಾಸಿ ಮಾಡಿದವನು. ಅವನ ಬಾಯಲ್ಲಿ ಲೋಕದ ಎಲ್ಲ ಮಾತೂ ಇದ್ದವು. ಒಂದು ಮಾತ್ರ ಇರಲಿಲ್ಲ. 'ತಪ್ಪಾಯ್ತು' ಅನ್ನುವ ಮಾತು. ಅವನು ಹುಟ್ಟಿದಾಗ ಅವನವ್ವ ಅದೊಂದನ್ನು ಬಾಯಿಗೆ ಹಾಕಲು ಮರೆತಿದ್ದಳಂತೆ.

ಅಮೋಘಪ್ಪ ಸಾತವ್ವನ ಹೊಟ್ಟೆ ಕೊಯ್ದ. ಗಂಟು ತೆಗೆದ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಕೈ ಕೆಲಸ ಮಾಡುತ್ತಿದ್ದಾಗ ಬಾಯಿ ಸುಮ್ಮನಿರಲಿಲ್ಲ. "ದೊರೆಯ ಮೂಗು ಅಂದರೆ ಎಂಥ ಮೂಗು! ಅದರ ಸೀನು ಅಂದರೆ ಎಂಥ ಸೀನು!" ಎನ್ನುತ್ತಾ ಹೊಟ್ಟೆ ಹೊಲಿದುಬಿಟ್ಟ. ಕತ್ತರಿ ಒಳಗೇ ಉಳಿಯಿತು.

ಕತ್ತರಿಗೆ ಕತ್ತರಿಸದೆ ಇರಲಾಗುತ್ತದೆಯೇ? ಹೊಟ್ಟೆಯಿಂದ ಮೇಲೆ ಬರುವ ಪ್ರತಿ ಮಾತನ್ನೂ ಕಚಕ್ ಎಂದು ಅರ್ಧಕ್ಕೆ ಕತ್ತರಿಸತೊಡಗಿತು. ಸಾತವ್ವ "ಚುರುಮುರಿ" ಎಂದು ಕೂಗಿದರೆ "ಚುರು" ಅಂತಷ್ಟೇ ಬಂತು. ಎಲ್ಲೋ ಏನೋ ಸುಡುತ್ತಿದೆ ಎಂದುಕೊಂಡು ಗಿರಾಕಿಗಳು ನೀರಿನ ಕೊಡ ಹಿಡಿದು ಓಡಿ ಬಂದರು. ಚುರುಮುರಿಯೆಲ್ಲ ತೊಯ್ದು ಹೋಯಿತು. ಮನೆಗೆ ಬಂದು ಗಂಡನಿಗೆ "ಅತ್ತಿಹಣ್ಣು ತಾ" ಅಂದಳು. "ಅತ್ತಿ" ಅಂತ ಬಂತು. ಫಕೀರಪ್ಪ ಓಡಿಹೋಗಿ ತನ್ನವ್ವನನ್ನು ಕರೆತಂದ. ಅತ್ತೆ ಗಂಟುಮೂಟೆ ಇಳಿಸಿ, "ಸೊಸಿ ತಾನಾಗೇ ಕರದಾಳ" ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು.

ಬಾಗಿದರೆ ಚುಚ್ಚುತ್ತಿತ್ತು. ನಕ್ಕರೆ ಚುಚ್ಚುತ್ತಿತ್ತು. ಸಾತವ್ವ ಗೋಡೆಗೆ ಒರಗಿ ಅತ್ತಳು. ಅಳುವೂ ಅರ್ಧವೇ ಬಂತು. ಅರ್ಧ ಅಳುವಿನಿಂದ ಯಾರಿಗೆ ಸಮಾಧಾನವಾಗುತ್ತದೆ? ಅವಳು ಇನ್ನೊಂದು ಸಲ ಅತ್ತಳು. ಆಗ ಪೂರ್ತಿ ಅಳು ಬಂತು! ಸಾತವ್ವ ಥಟ್ಟನೆ ಎದ್ದು ಕೂತಳು. ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿದಳು. ಕತ್ತರಿ ಅರ್ಧ ತಿಂದಿತು, ಅರ್ಧ ಹೊರಗೆ ಬಂತು. ಆ ಅರ್ಧವೇ ಒಂದು ಪೂರ್ತಿ ಮಾತು!

ದವಡೆ ನೋಯುವಷ್ಟು ಮಾತಾಡಿಕೊಂಡು ಸಾತವ್ವ ವೈದ್ಯನ ಬಾಗಿಲಿಗೆ ಹೋದಳು.

"ವೈದ್ಯರ, ನಿಮ್ಮ ಕತ್ತರಿ ನನ್ನ ಹೊಟ್ಟ್ಯಾಗ ಐತಿ."

"ಸಾಧ್ಯವೇ ಇಲ್ಲ" ಅಂದ ಅಮೋಘಪ್ಪ. "ಅದು ನಿನ್ನ ಹೊಟ್ಟೆಯಲ್ಲೇ ಹುಟ್ಟಿದ್ದು. ಕೆಲವರ ಹೊಟ್ಟೆಯಲ್ಲಿ ಕಲ್ಲು ಹುಟ್ಟುತ್ತದೆ. ನಿನ್ನದು ಕತ್ತರಿ ಹುಟ್ಟುವ ಜಾತಿಯ ಹೊಟ್ಟೆ."

"ಹಂಗಾದ್ರ ನಿಮ್ಮ ಕತ್ತರಿ ಎಲ್ಲೈತಿ, ತೋರಸ್ರಿ."

"ಅದು ತವರಿಗೆ ಹೋಗಿದೆ."

ಆದರೂ ಪಾಪ, ಉಪಕಾರ ಮಾಡೋಣ ಎಂದು ಅಮೋಘಪ್ಪ ಹೊಟ್ಟೆ ಬಿಚ್ಚಿದ. ಕತ್ತರಿ ಹಿಡಿಯಲು ಇಕ್ಕಳ ಒಳಗೆ ಬಿಟ್ಟ. ಕತ್ತಲೆಯಲ್ಲಿ ಇಕ್ಕಳ ಕೈಜಾರಿತು. ಇಕ್ಕಳ ಹುಡುಕಲು ಲಾಂದ್ರ ಇಳಿಸಿದ. ಲಾಂದ್ರ ಹಿಡಿದುಕೊಳ್ಳಲು ಕಂಪೌಂಡರ್ ಇಮಾಮಸಾಬನನ್ನು ಇಳಿಸಿದ. ಅಷ್ಟರಲ್ಲಿ ದೊರೆಯ ಮೂಗಿನ ನೆನಪು ಬಂತು. "ಎಂಥ ಮೂಗು!" ಎನ್ನುತ್ತಾ ಮತ್ತೆ ಹೊಲಿದ.

ಈಗ ಸಾತವ್ವನ ಹೊಟ್ಟೆ ಚರ್ಮದ ಕೆಳಗೆ ಮಿಣಮಿಣ ಬೆಳಗುತ್ತಿತ್ತು. ಫಕೀರಪ್ಪ ಅವಳನ್ನು ಚಕ್ಕಡಿ ಗಾಡಿಯಲ್ಲಿ ಕೂಡಿಸಿಕೊಂಡು ದೊರೆಯ ಹತ್ತಿರ ದೂರು ಕೊಡಲು ಹೋದ.

ಆ ದೊರೆಗೆ ಗುಂಡಿಯ ಹುಚ್ಚು. ಅಂಗಿಯ ತುಂಬ ಗುಂಡಿ. ಬೆನ್ನಿಗೂ ಗುಂಡಿ, ಕಂಕುಳಿಗೂ ಗುಂಡಿ. ರಾಜ್ಯದಲ್ಲಿ ಏನು ನಡೆದರೂ ಅವನು ಮೊದಲು ನೋಡುವುದು ಹೊಲಿಗೆಯನ್ನೇ. ಸಾತವ್ವನ ಹೊಟ್ಟೆ ನೋಡಿ ಕಣ್ಣರಳಿಸಿದ.

"ಆಹಾ, ಎಷ್ಟು ಸಣ್ಣ ಹೊಲಿಗೆ! ಇಷ್ಟು ಚೆಂದ ಹೊಲಿದವನು ತಪ್ಪು ಮಾಡುತ್ತಾನೆಯೇ?"

ಆಗ ಹೊಟ್ಟೆಯೊಳಗಿನಿಂದ ಇಮಾಮಸಾಬ ಕೂಗಿದ. ಅವನ ಮಾತೂ ಕತ್ತರಿಗೆ ಸಿಕ್ಕಿ ಅರ್ಧವಾಯಿತು. ಸಾತವ್ವನ ಬಾಯಿಂದ ಗಂಡಸಿನ ದನಿಯಲ್ಲಿ "ಮಹಾ... ಉಸಿ... ಕಟ್ಟಿ..." ಅಂತ ಬಂತು.

ದೊರೆ ಹೆದರಿ ಸಿಂಹಾಸನದ ಮೇಲೆ ಕಾಲು ಎತ್ತಿಕೊಂಡ. "ಯಾರದು? ಹೊರಗೆ ತೆಗೆಯಿರಿ!"

ಅಮೋಘಪ್ಪನಿಗೆ ಕರೆ ಹೋಯಿತು, ಓಡಿ ಬಂದ. ಒಳಗೆ ಕಳಿಸಲು ಅವನ ಹತ್ತಿರ ಬೇರೆ ಯಾರೂ ಉಳಿದಿರಲಿಲ್ಲ. ಹೊಟ್ಟೆ ಬಿಚ್ಚಿ ತಾನೇ ಇಳಿದ. ಇಳಿದವನು ಹಳೆಯ ಅಭ್ಯಾಸದಂತೆ, ಒಳಗಿನಿಂದಲೇ ಹೊಲಿದುಕೊಂಡ.

"ಬರ್ರಿ ವೈದ್ಯರ, ಕುಂದರ್ರಿ" ಅಂದ ಇಮಾಮಸಾಬ. "ಜಾಗ ಸಣ್ಣದು. ಮೊಣಕಾಲು ಮಡಚ್ಕೊಳ್ರಿ."

ಅಮೋಘಪ್ಪ ಮೊಣಕಾಲು ಮಡಚಿ ಕೂತ. ಅಲ್ಲಿ ಲಾಂದ್ರದ ಬೆಳಕಿನಲ್ಲಿ ಅವನಿಗೆ ಎಲ್ಲ ಕಾಣಿಸಿತು. ತನ್ನ ಕತ್ತರಿ ಕಾಣಿಸಿತು. ಅದು ಚುಚ್ಚಿದ ಜಾಗ ಕಾಣಿಸಿತು. ಸಾತವ್ವ ಉಸಿರೆಳೆದಾಗಲೆಲ್ಲ ಆ ಜಾಗ ನಡುಗುತ್ತಿತ್ತು. ಈ ಸಲ ಅವನಿಗೆ ದೊರೆಯ ಮೂಗು ನೆನಪಾಗಲಿಲ್ಲ.

"ಇಮಾಮಸಾಬ, ಇಂಥ ಹೊತ್ತಿನಲ್ಲಿ ಏನೋ ಒಂದು ಮಾತು ಹೇಳುತ್ತಾರಲ್ಲ, ಏನದು?"

"ತಪ್ಪಾಯ್ತು ಅಂತಾರ್ರೀ."

"ನನ್ನ ಹತ್ತಿರ ಅದಿಲ್ಲವಲ್ಲೋ."

"ನನ್ನ ಹತ್ರ ರಾಶಿ ಅದಾವ್ರೀ. ನಿಮ್ಮ ಕೈಕೆಳಗ ದುಡಿಯೋನು ನಾನು. ನೀವು ಬೀಳಿಸಿದ್ದಕ್ಕ, ಒಡದಿದ್ದಕ್ಕ ಎಲ್ಲಾ ನಾನ ಹೇಳ್ತಿದ್ದೆ. ತಗೋರಿ ಒಂದು."

ಅಮೋಘಪ್ಪ ಅದನ್ನು ಎರಡೂ ಕೈಯಿಂದ ಇಸಿದುಕೊಂಡು, ಬಾಯಿಗೆ ಹಾಕಿಕೊಂಡು, "ತಪ್ಪಾಯ್ತು" ಅಂದ. ಕತ್ತರಿ ಕಚಕ್ ಅಂತು. ಸಾತವ್ವನ ಬಾಯಿಂದ "ತಪ್ಪಾ?" ಅಂತ ಬಂತು.

ದೊರೆ ನಕ್ಕ. "ಇಲ್ಲ ಇಲ್ಲ, ಏನೂ ತಪ್ಪಿಲ್ಲ."

ಸಾತವ್ವ ಬಗ್ಗಿ ಹೊಟ್ಟೆಗೆ ಹೇಳಿದಳು, "ವೈದ್ಯರ, ಎರಡು ಸಲ ಅನ್ರಿ!"

ಇಮಾಮಸಾಬ ಇನ್ನೊಂದು ಕೊಟ್ಟ. "ತಪ್ಪಾಯ್ತು ತಪ್ಪಾಯ್ತು" ಅಂದ ವೈದ್ಯ. ಈ ಸಲ ಪೂರ್ತಿ ಮಾತೇ ಬಂತು. ಆದರೆ ಬಂದದ್ದು ಸಾತವ್ವನ ಬಾಯಿಂದ!

ದೊರೆ ಕೈ ಎತ್ತಿದ. "ಹೋಗಲಿ ಬಿಡವ್ವ. ನಿನ್ನ ತಪ್ಪು ನೀನೇ ಒಪ್ಪಿಕೊಂಡೆ. ಕ್ಷಮಿಸಿದ್ದೇವೆ."

ಆಗ ನೋಡಿ ಸಾತವ್ವನಿಗೆ ಬಂದ ಸಿಟ್ಟು! ಹೊಟ್ಟೆ ತನ್ನದು, ನೋವು ತನ್ನದು, ಕ್ಷಮೆಯೂ ತನಗೇನಾ? ಬಾಯಿ ಗಟ್ಟಿಯಾಗಿ ಮುಚ್ಚಿದಳು. ಮೂಗು ಹಿಡಿದಳು. ಕಿವಿಗೆ ಫಕೀರಪ್ಪನ ಕೈ ಇಟ್ಟುಕೊಂಡಳು. ಒಳಗೆ ವೈದ್ಯ ಮತ್ತೆ ಕೂಗಿದ. ಮಾತು ಮೇಲೆ ಹೋಯಿತು, ದಾರಿಯಿಲ್ಲ. ಕೆಳಗೆ ಬಂತು, ದಾರಿಯಿಲ್ಲ. ಸುತ್ತಿತು, ಉಬ್ಬಿತು, ಉರುಳಿತು. ಪಟ್! ಒಂದು ಹೊಲಿಗೆ ಕಿತ್ತು ಬಂತು. ಪಟಪಟಪಟ! ಎಲ್ಲ ಕಿತ್ತು ಬಂದವು. ಕತ್ತರಿ ಹಾರಿತು, ಇಕ್ಕಳ ಹಾರಿತು, ಲಾಂದ್ರ ಹಿಡಿದುಕೊಂಡೇ ಇಮಾಮಸಾಬ ಹಾರಿದ. ಕೊನೆಗೆ ಅಮೋಘಪ್ಪ ದೊರೆಯ ತೊಡೆಯ ಮೇಲೆ ಬಿದ್ದ.

ಅವನು ಎದ್ದು ನೇರ ಸಾತವ್ವನ ಮುಂದೆ ಬಂದು ನಿಂತ. ತಲೆ ತಗ್ಗಿಸಿದ.

"ತಾಯೀ, ತಪ್ಪಾಯ್ತು. ಕತ್ತರಿ ನನ್ನದು. ಹೊಟ್ಟೆ ನಿನ್ನದು. ನಾನು ನೋಡಲಿಲ್ಲ."

"ಭಾಳ ಚುಚ್ಚಿತ್ರೀ ವೈದ್ಯರ" ಅಂದಳು ಸಾತವ್ವ. ಮಾತು ಇಡಿಯಾಗಿ ಬಂತು! ಅವಳಿಗೆ ಅಳು ಬಂತು, ನಗು ಬಂತು, ಎರಡೂ ಇಡಿಯಾಗಿಯೇ ಬಂದವು. "ಹೊಲೀರಿ ಇನ್ನ. ಆದ್ರ ಬಾಯಿ ಮುಚಗೊಂಡು ಹೊಲೀರಿ."

ಅಮೋಘಪ್ಪ ಒಂದೂ ಮಾತಾಡದೆ ಹೊಲಿದ. ದೊರೆಗೆ ಆ ಹೊಲಿಗೆ ಅಷ್ಟು ಚೆಂದ ಕಾಣಲಿಲ್ಲ. ಆದರೆ ಗಾಯ ಬೇಗ ಮಾಯಿತು.

ಹೊಸ ಮಾತು ಸಿಕ್ಕ ಖುಷಿಗೆ ಅಮೋಘಪ್ಪ ಮನೆಮನೆಗೆ ಹೊರಟ. ಎಡಗಿವಿ ನೋವಿಗೆ ಬಲಗಿವಿ ಕೊಯ್ಯಿಸಿಕೊಂಡವನಿಗೆ ತಪ್ಪಾಯ್ತು ಅಂದ. ಕೆಮ್ಮಿಗೆ ಹಲ್ಲು ಕೀಳಿಸಿಕೊಂಡ ಅಜ್ಜಿಗೆ ತಪ್ಪಾಯ್ತು ಅಂದ. ಕೆಲವರು ಬೈದರು. ಬೈದು ಸುಸ್ತಾದ ಮೇಲೆ ಹೋಳಿಗೆ ಬಡಿಸಿದರು. ತಿಂದು ತಿಂದು ವೈದ್ಯನ ಹೊಟ್ಟೆಯಲ್ಲೇ ಒಂದು ಗಂಟು ಬೆಳೆಯಿತು. ಈಗ ಕೊಯ್ಯುವವರು ಯಾರು? ಇಮಾಮಸಾಬ ಅಂಗಿಯ ತೋಳು ಮೇಲೆ ಮಡಚಿದ. ಮಲಗಿದ್ದ ಅಮೋಘಪ್ಪ ಎದ್ದು ಓಡಲು ನೋಡಿದ. ಚುರುಮುರಿ ಬುಟ್ಟಿ ಹೊರಗಿಟ್ಟು ಸಾತವ್ವ ಒಳಗೆ ಬಂದಳು. ಅವನ ತಲೆಯ ಹತ್ತಿರ ಕೂತು ಕೈ ಹಿಡಿದುಕೊಂಡಳು.

"ಅಂಜಬ್ಯಾಡ್ರಿ. ನಾ ನೋಡ್ಕೊಂತ ಇರ್ತೀನಿ."

ಗಂಟು ಹೊರಗೆ ಬಂತು. ಹೊಲಿಯುವ ಮುಂಚೆ ಸಾತವ್ವ ದನಿ ಎತ್ತಿ ಕೇಳಿದಳು, "ಎಲ್ಲಾರೂ ಹೊರಗ ಬಂದ್ರೇನು?"

"ಬಂದೆ" ಅಂತು ಕತ್ತರಿ. "ಬಂದೆ" ಅಂತು ಇಕ್ಕಳ. "ನಾನೂ ಬಂದೆ" ಅಂದ ಇಮಾಮಸಾಬ.

"ಸಾತವ್ವ, ನಾನು ಬಂದೆನಾ ನೋಡು" ಎಂದು ಅಮೋಘಪ್ಪ ಸಣ್ಣ ದನಿಯಲ್ಲಿ ಕೇಳಿದ.

"ಯಪ್ಪಾ, ಹೊಟ್ಟಿ ನಿಮ್ಮದ!" ಅಂದಳು ಸಾತವ್ವ. "ನೀವು ಒಳಗ ಇರ್ರಿ."

ಇದರ ನೀತಿ ಏನಪ್ಪಾ ಅಂದರೆ, ಇನ್ನೊಬ್ಬರ ಹೊಟ್ಟೆಗೆ ಇಳಿಯುವಾಗ ಚಪ್ಪಲಿ ಹೊರಗೆ ಬಿಡಬೇಕು. ಕೇಳಿದವರ ಹೊಟ್ಟೆ ತಣ್ಣಗಿರಲಿ. ಹೇಳಿದವನ ಗಂಟಲು ಒಣಗಿದೆ, ಯಾರಾದರೂ ಒಂದು ಲೋಟ ನೀರು ಕೊಡಿ.