ತೇಗದ ಮರದ ಉಡಿದಾರ

ಆಗ ಲೋಕ ಇನ್ನೂ ಹೊಸದು. ಬೆಟ್ಟಗಳಿಗೆ ಎಲ್ಲಿ ಕೂರಬೇಕು ಅಂತಾನೇ ಗೊತ್ತಾಗಿರ್ಲಿಲ್ಲ. ಸೀಟು ಸಿಗದೆ ಬಸ್ಸಲ್ಲಿ ನಿಂತ ಜನದ ಥರ ಒಂದನ್ನೊಂದು ಒತ್ತಿಕೊಂಡು ನಿಂತಿದ್ವು.

ಆ ಕಾಲದಲ್ಲಿ ಮರಗಳಿಗೆ ಮಾತು ಬರ್ತಿತ್ತು, ನೆನಪು ಮಾತ್ರ ಇರ್ಲಿಲ್ಲ. ಮಳೆಗಾಲದಲ್ಲಿ ಒಂದ್ಸಲ ತಲೆ ನೆನೀತು ಅಂದ್ರೆ ಹಿಂದಿನದೆಲ್ಲ ತೊಳೆದುಹೋಗ್ತಿತ್ತು. ನೆಂಟರು ಬಂದಿದ್ದೂ ನೆನಪಿಲ್ಲ, ಹೋಗಿದ್ದೂ ನೆನಪಿಲ್ಲ. ಆರಾಮವಾಗಿದ್ವು.

ಒಂದು ಬೇಸಿಗೇಲಿ ಬೆಂಕಿ ಬಂದ. ಅವನಿಗೆ ಮನೆ ಇರ್ಲಿಲ್ಲ. ಕೂತ ಜಾಗ ಸುಡ್ತಾನೆ ಅಂತ ಯಾರೂ ಕೂರಿಸ್ತಿರ್ಲಿಲ್ಲ. ಬಿದಿರು ಮುಖ ತಿರುಗಿಸ್ಕೊಂಡ್ತು. ಮೊಲ ಬಿಲಕ್ಕೆ ನುಗ್ಗಿ ಮನೇಲಿ ಯಾರೂ ಇಲ್ಲ ಅಂತ ಒಳಗಿಂದಾನೇ ಕೂಗ್ತು.

ತೇಗ ಆಗಿನ್ನೂ ಹುಡುಗಿ. ನೋಡಿದ್ಲು. ಅಷ್ಟೆತ್ತರದ ಆಳು, ಹೊಟ್ಟೆ ಮಾತ್ರ ಬೆನ್ನಿಗಂಟಿದೆ. ತನ್ನ ಒಣಗಿದ ಅಗಲದ ಎಲೆಗಳನ್ನೆಲ್ಲ ಉದುರಿಸಿ ನೆಲಕ್ಕೆ ಹಾಸಿದ್ಲು.

"ಎಲೆ ಹಾಕಿದೀನಿ, ಕೂತ್ಕೊ," ಅಂದ್ಲು. "ನನ್ನ ಮಾತ್ರ ಮುಟ್ಬೇಡ."

"ಊಟದ ಎಲೇನೇ ತಿನ್ನೋ ನೆಂಟ ನಾನೊಬ್ಬನೇ ಇರ್ಬೇಕು," ಅಂದ ಬೆಂಕಿ.

ತಿಂದ. ಗಟ್ಟಿಯಾಗಿ ತೇಗಿದ. ಹೊತ್ತು ಮುಳುಗೋ ತನಕ ತಾನು ಕಂಡ ಸೀಮೆಗಳ ಕತೆ ಹೇಳ್ದ. ಹುಟ್ಟಿದ ಜಾಗ ಬಿಟ್ಟು ಒಂದು ಹೆಜ್ಜೆ ಇಡದವಳು ಬಾಯಿಬಿಟ್ಕೊಂಡು ಕೇಳಿದ್ಲು. ಮುಂದಿನ ಬೇಸಿಗೆಗೂ ಬರ್ತೀನಿ ಅಂತ ಹೇಳಿ ಹೋದ. ಅವನು ಕೂತೆದ್ದ ಬೂದಿಯಲ್ಲಿ ಹುಲ್ಲು ಚಿಗುರ್ತು. ಜಿಂಕೆಗಳು ಒಂದು ಥ್ಯಾಂಕ್ಸೂ ಹೇಳದೆ ಮೇಯ್ದ್ವು.

ಪಡುವಣದಲ್ಲಿ ಮೋಡ ಕಟ್ತು. ತೇಗಕ್ಕೆ ದಿಗಿಲು ಹತ್ತಿತು. ಈ ಮಳೆ ಸುರಿದ್ರೆ ಅವನನ್ನ ಮರೆತೇಬಿಡ್ತೀನಲ್ಲ.

ಮರೀದೇ ಇರೋಕೆ ಏನು ಮಾಡ್ಲಿ ಅಂತ ಗಾಳಿಯನ್ನ ಕೇಳಿದ್ಲು. ನಿನ್ನೆ ತಾನೆಲ್ಲಿದ್ದೆ ಅನ್ನೋದೇ ತನಗೆ ನೆನಪಿಲ್ಲ ಅಂತ ಗಾಳಿ ಹೋಯ್ತು. ಪಕ್ಕದಲ್ಲೇ ಹರೀತಿದ್ದ ಹಳ್ಳದಜ್ಜಿ ಯೋಚನೆ ಮಾಡಿದ್ಲು. ಸೆರಗಿಗೆ ಗಂಟು ಹಾಕ್ಕೊ ಅನ್ನೋಣ ಅಂದ್ರೆ ಈ ಹುಡುಗಿಗೆ ಸೆರಗಿಲ್ಲ.

"ಮಕ್ಕಳ ಸೊಂಟಕ್ಕೆ ಉಡಿದಾರ ಕಟ್ಟಲ್ವೇನೆ, ಹಂಗೆ ಕಟ್ಕೊ," ಅಂದ್ಲು ಅಜ್ಜಿ. "ಹೊರಗೆ ಬೇಡ, ಮಳೆ ತೊಳೆದುಬಿಡುತ್ತೆ. ತೊಗಟೆ ಒಳಗೆ ಕಟ್ಕೊ."

ತೇಗ ಕಟ್ಕೊಂಡ್ಲು. ಮಳೆ ಬಂತು, ಹೋಯ್ತು. ಬೇರೆ ಮರಗಳೆಲ್ಲ ಮರೆತ್ವು. ತೇಗ ಮರೀಲಿಲ್ಲ.

ಬೇಸಿಗೆ ಬಂತು, ಎಲೆ ಹಾಸಿದ್ಲು, ಬೆಂಕಿ ಬಂದ. ಮಳೆ ಬಂತು, ಹಳೇ ದಾರದ ಮೇಲೆ ಹೊಸ ದಾರ ಕಟ್ಕೊಂಡ್ಲು. ಹೀಗೇ ನಡೀತು. ಸೊಂಟವೂ ದಪ್ಪ ಆಯ್ತು, ಕತೆಗಳೂ ದಪ್ಪ ಆದ್ವು.

ಕಾಡಿನ ದೊಡ್ಡವರಿಗೆ ಇದು ಸರಿಬರ್ಲಿಲ್ಲ. ಸಭೆ ಸೇರಿದ್ರು. ಅಧ್ಯಕ್ಷತೆ ಕಾಡುಕೋಣದ್ದು, ಕೊಂಬು ದೊಡ್ಡದು ಅನ್ನೋದು ಬಿಟ್ರೆ ಬೇರೆ ಅರ್ಹತೆ ಏನಿರ್ಲಿಲ್ಲ. ಬೆಂಕಿ ಪುಂಡ, ಅವನನ್ನ ಒಳಗೆ ಬಿಡಬಾರದು ಅಂತ ತೀರ್ಮಾನ ಆಯ್ತು. ಕಾಡಿನ ಸುತ್ತ ಹುಲ್ಲು ಕೆತ್ತಿ ಅಗಲವಾದ ಗೆರೆ ಎಳೆದ್ರು. ತೇಗವನ್ನ ಯಾರೂ ಕೇಳ್ಲಿಲ್ಲ.

ಬೇಸಿಗೆ ಬಂತು, ಎಲೆ ಹಾಸಿದ್ಲು. ಬೆಂಕಿ ಬರ್ಲಿಲ್ಲ. ಮಳೆ ಬಂತು, ದಾರ ಕಟ್ಕೊಂಡ್ಲು. ಮತ್ತೆ ಬೇಸಿಗೆ ಬಂತು, ಎಲೆ ಹಾಸಿದ್ಲು. ಬೆಂಕಿ ಬರ್ಲಿಲ್ಲ.

ಎಲೆ ಮೇಲೆ ಎಲೆ ಬಿದ್ದು ಜಿಂಕೆಯ ಹೊಟ್ಟೆ ಮುಟ್ಟೋಷ್ಟಾಯ್ತು. ನಿನ್ನ ನೆಂಟ ಬೇರೆ ಮನೇಲಿ ಉಣ್ತಿದಾನೆ, ಎಲೆ ಎತ್ತೇ ತಾಯಿ ಅಂತ, ಅವನ ಕತೇನ ಅವಳ ಬಾಯಲ್ಲೇ ಕೇಳಿದ್ದ ಬಿದಿರು ರೇಗಿಸ್ತು. ತೇಗ ಎತ್ತಲಿಲ್ಲ.

ಎಷ್ಟೋ ವರ್ಷ ಕಳೆದ ಮೇಲೆ ಒಂದು ಬೇಸಿಗೇಲಿ ಗೆರೆ ಮೇಲೇ ಹುಲ್ಲು ಬೆಳೆದು ಒಣಗಿತ್ತು. ಕಾವಲಿಗಿದ್ದ ಅಧ್ಯಕ್ಷರು ತೂಕಡಿಸ್ತಿದ್ರು. ಬೆಂಕಿ ಓಡಿಬಂದ. ಅಷ್ಟು ವರ್ಷದ ಹಸಿವು, ಅಷ್ಟು ವರ್ಷದ ಊಟ. ತಿಂದ, ಬೆಳೆದ, ಇನ್ನೂ ತಿಂದ, ತಡೀಲಾರದೆ ಅವಳ ಸೊಂಟ ತಬ್ಬಿಕೊಂಡ.

ತೊಗಟೆ ಸೀಳಿಹೋಯ್ತು. ಬೆಂಕಿ ಕೈಬಿಟ್ಟು ಹಿಂದೆ ಸರಿದ.

"ಇನ್ಮೇಲೆ ಬರಲ್ಲ ಕಣೇ," ಅಂದ. "ನಂಗೆ ಮೆತ್ತಗೆ ಮುಟ್ಟೋಕೆ ಬರಲ್ಲ."

"ವರ್ಷಾ ವರ್ಷಾ ಬಾ," ಅಂದ್ಲು ತೇಗ. "ಹಿಂಗೆ ಹಸ್ಕೊಂಡು ಬರ್ಬೇಡ, ಅಷ್ಟೇ."

ಅಷ್ಟೊತ್ತಿಗೆ ಅವನು ಹೊಗೆಯಾಗಿ ಬೆಟ್ಟದ ಆಚೆಗೆ ಇಳಿದಿದ್ದ. ಕೇಳಿಸ್ತೋ ಇಲ್ವೋ, ಗೊತ್ತಿಲ್ಲ.

ಮಳೆ ಬಂತು. ತೇಗ ಗಾಯದ ಅಂಚಿಂದ ಅಂಚಿಗೆ ದಾರ ಎಳೆದು ಎಳೆದು ಮುಚ್ಕೊಂಡ್ಲು. ಹೊರಗೆ ಏನೂ ಕಾಣಲ್ಲ. ಒಳಗೆ ಕರೀ ಕಲೆ ಹಾಗೇ ಇದೆ. ಅವನ ಕೆಂಪು ಒಂದಿಷ್ಟು ಉಳಿದಿತ್ತು, ಅದನ್ನ ಚಿಗುರಲ್ಲಿ ಬಚ್ಚಿಟ್ಕೊಂಡ್ಲು.

ಈಗೀಗ ಮರಗಳ ಹಳೇ ಕತೆ ಹುಡುಕೋ ವಿಜ್ಞಾನಿ ವಾರಿಜಾ ಮೇಡಂ ಕಾಡಿಗೆ ಬರ್ತಾರೆ. ಸಣ್ಣ ಬೈರಿಗೆ ಹಾಕಿ ಕಾಂಡದಿಂದ ಪೆನ್ಸಿಲ್ ದಪ್ಪದ ಕಡ್ಡಿ ತೆಗೆದು, ಕನ್ನಡಕ ಹಣೆಗೇರಿಸಿ, ಒಂದೊಂದೇ ದಾರದ ಮೇಲೆ ಉಗುರಿಟ್ಟು ನೋಡ್ತಾರೆ. ಕರೀ ಕಲೆ ಹತ್ರ ಉಗುರು ನಿಲ್ಲುತ್ತೆ.

"ಈ ವರ್ಷ ಬೆಂಕಿ ಬಂದಿತ್ತು," ಅಂತಾರೆ.

ಅಷ್ಟು ಕಾಲದ ಮೇಲೆ ಇನ್ನೊಬ್ಬರ ಬಾಯಲ್ಲಿ ಅವನ ಹೆಸರು ಕೇಳಿ, ಗಾಳಿ ಇಲ್ದಿದ್ರೂ ತೇಗದ ತುದಿ ಅಲುಗುತ್ತೆ.

ಅದಕ್ಕೇ ಮರೀ, ಕುಯ್ದ ದಿಮ್ಮಿಯಲ್ಲಿ ಸುತ್ತು ಸುತ್ತು ಗೆರೆ, ಮಧ್ಯೆ ಎಲ್ಲೋ ಒಂದು ಸುಟ್ಟ ಕಲೆ ಕಾಣೋದು. ತೇಗದ ಚಿಗುರನ್ನ ಉಜ್ಜಿದ್ರೆ ನಿನ್ನ ಅಂಗೈ ಕೆಂಪಾಗೋದು. ಬೇಸಿಗೆ ಬಂತು ಅಂದ್ರೆ ತೇಗ ಎಲೆಯೆಲ್ಲ ನೆಲಕ್ಕೆ ಹಾಸಿ, ಬರೀ ಮೈಯಲ್ಲಿ ಬೆಟ್ಟದ ಕಡೆ ನೋಡ್ತಾ ನಿಲ್ಲೋದು.